ನಾಲ್ವರ ತಾಟಿನಲ್ಲಿ ಆಡಿದ ಮಾತು

"ಜಾಸ್ಮಿನ ಅಂದ್ರ ನೀವೇನ್ರಿ?"

ಜಾಸ್ಮಿನ ಮಷೀನಿನ ಪೆಡಲಿನಿಂದ ಕಾಲು ತೆಗೆದು ತಲೆಯೆತ್ತಿದಳು. ಅಂಗಡಿಯ ಬಾಗಿಲಿನಷ್ಟೇ ಅಗಲವಾದ ಒಬ್ಬ ಮನುಷ್ಯ ಬೆಳಕಿಗೆ ಅಡ್ಡವಾಗಿ ನಿಂತಿದ್ದ. ವಯಸ್ಸು ಮೂವತ್ತರ ಆಚೀಚೆ ಇರಬೇಕು. ಕೈಯಲ್ಲಿ ಬ್ಲೌಸ್ ಪೀಸಿಲ್ಲ, ಜೊತೆಗೆ ಹೆಂಗಸರಿಲ್ಲ. ಅವಳನ್ನೊಮ್ಮೆ ನೋಡಿದ, ನೆಲ ನೋಡಿದ, ಮತ್ತೆ ಅವಳನ್ನು ನೋಡಿದ.

ಇಂಥವರು ಅವಳಿಗೆ ಹೊಸಬರಲ್ಲ. ಕನ್ಯೆ ನೋಡುವ ಶಾಸ್ತ್ರಕ್ಕೆ ಮೊದಲೇ ಏನೋ ನೆಪ ಹಿಡಿದು ಲಕ್ಷ್ಮೇಶ್ವರದ ಬಜಾರಕ್ಕೆ ಬಂದು, ಕದ್ದು ನೋಡಿ ಹೋಗುವ ಗಂಡುಗಳು ವರ್ಷಕ್ಕೆ ಇಬ್ಬರಾದರೂ ಇರುತ್ತಿದ್ದರು. ಅವಳು ಕತ್ತರಿ ಕೆಳಗಿಟ್ಟು ಎದ್ದು ನಿಂತಳು.

"ನೋಡಾಕ ಬಂದೀರಿ, ಹೌದಲ್ರಿ? ನೋಡ್ರಿ ಹಂಗಾರ. ಎಡಕ್ಕ ತಿರುಗ್ಲೋ, ಬಲಕ್ಕ ತಿರುಗ್ಲೋ?"

ಅವನ ಕಿವಿಗಳು ಕೆಂಪಾದವು. "ಅಲ್ರಿ, ಹಂಗಲ್ರಿ... ನಾನು ಬೆಟಗೇರಿಯಾಂವ, ನಯಾಜ ಅಂತ. ಹುಬ್ಬಳ್ಳಿ ದವಾಖಾನ್ಯಾಗ ಡಯಟ್ ಹೇಳೋ ಮೇಡಂ ನಿಮ್ಮ ನಂಬರ, ಅಂಗಡಿ ಗುರುತು ಕೊಟ್ಟಾರ್ರಿ. ಆ ಹೊಟ್ಟಿ ಸಣ್ಣ ಮಾಡೋ ಆಪರೇಷನ್..."

ಈಗ ಅವಳ ಕಿವಿ ಕೆಂಪಾಯಿತು. ಬೀದಿಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ನಂಬರ ಕೊಡೋದು ಫೋನ್ ಮಾಡಾಕ್ರಿ."

"ಮೂರು ದಿನಾ ಒತ್ತೋದು, ಬಂದ್ ಮಾಡೋದು, ಇದ ಆತ್ರಿ. ಅದಕ್ಕಿಂತ ಬಸ್ ಹತ್ತೋದು ಸರಳ ಅನ್ನಿಸ್ತು."

ನಗಬಾರದೆಂದುಕೊಂಡರೂ ಜಾಸ್ಮಿನ ನಕ್ಕುಬಿಟ್ಟಳು. ನಯಾಜ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಅನುಮಾನದಿಂದ ನೋಡುತ್ತಿದ್ದ. ಆ ನೋಟ ಅವಳಿಗೆ ಗೊತ್ತು. ಹತ್ತು ವರ್ಷ ತಾನೂ ಕಂಡ ಕಂಡ ಕುರ್ಚಿಗಳನ್ನು ಹಾಗೇ ನೋಡಿದ್ದಳು. ಏನೂ ಹೇಳದೆ ಬಟ್ಟೆ ಕತ್ತರಿಸುವ ಬೆಂಚನ್ನು ಎಳೆದು ಹಾಕಿದಳು. "ಇದು ಸಾಗವಾನಿ. ಆರಾಮ ಕುಂಡ್ರಿ."

ಅವನು ಕೂತ. ಕೂತವನು ಅವಳ ಮುಖವನ್ನು ನೋಡಿದ ರೀತಿಯಲ್ಲಿ ಒಂದು ಉಪಕಾರ ಸ್ಮರಣೆ ಇತ್ತು, ಬೆಂಚಿನದಷ್ಟೇ ಅಲ್ಲ.

ನಯಾಜ ಸೀರೆ ನೇಯುವವನು. ಅವನ ಮನೆಯದು ಕುಣಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು, ದಡದ ಮೇಲೆ ಕೂತು ನೇಯಬೇಕು. ನಾಲ್ಕು ವರ್ಷದಿಂದ ಅವನಿಗೆ ಆ ಗುಂಡಿಗೆ ಇಳಿಯಲಾಗುತ್ತಿರಲಿಲ್ಲ. ಇಳಿದರೆ ಏಳಲಾಗುತ್ತಿರಲಿಲ್ಲ. ಈಗ ಬೇರೆಯವರು ನೇಯ್ದದ್ದನ್ನು ಹೊತ್ತು ಮಾರುತ್ತಿದ್ದ. "ನೂರಾ ಮೂವತ್ತೆಂಟು ಕಿಲೋ ಅದೀನ್ರಿ" ಎಂದು ಅವನೇ ಹೇಳಿದ. ಮಂಡಿನೋವು, ಶುಗರ್, ಮಲಗಿದರೆ ಉಸಿರು ಕಟ್ಟುವುದು, ಎಲ್ಲವನ್ನೂ ಹೇಳಿದ. ಕೊನೆಗೆ ಕೇಳಬೇಕಾದದ್ದನ್ನು ಕೇಳಿದ.

"ಅಂಜಿಕಿ ಆಗಿತ್ತೇನ್ರಿ ನಿಮಗ?"

"ಆಗಿತ್ರಿ. ಮೂರು ವರ್ಷದ ಹಿಂದ ನಾನೂ ನೂರಾ ಹನ್ನೆರಡು ಇದ್ದೆ. ಒಂದು ಮಾತು ನೆನಪಿಡ್ರಿ. ಡಾಕ್ಟರ್ ಕೊಯ್ಯೋದು ಹೊಟ್ಟಿ, ನಾಲಿಗಿ ಅಲ್ಲ. ನಾಲಿಗಿ ಕೆಲಸ ನಿಮ್ಮದ."

*

ಜುಲೈಯಲ್ಲಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಅಲ್ಲಿಂದ ದಿನಾ ಮಧ್ಯಾಹ್ನ ಫೋನು. ಜಾಸ್ಮಿನ ಕಿವಿಗೆ ವೈರು ಸಿಕ್ಕಿಸಿಕೊಂಡು ಕಾಜಾ ಹಾಕುತ್ತಲೇ ಮಾತಾಡುತ್ತಿದ್ದಳು.

"ನೀರು ಗಟಗಟ ಕುಡೀಬ್ಯಾಡ್ರಿ. ಗುಬ್ಬಿ ಕುಡದಂಗ, ಸಣ್ಣ ಗುಟುಕು."

"ಗುಬ್ಬಿ ಆಗಾಕ ಇನ್ನೂ ಭಾಳ ಕಿಲೋ ಇಳೀಬೇಕ್ರಿ."

ಐದನೆಯ ದಿನ ಅವನ ದನಿ ಸೋತಿತ್ತು. "ಯಾಕರ ಮಾಡಿಸ್ಕೊಂಡ್ನೋ ಅನ್ನಿಸಾಕತ್ತೈತಿ."

"ಅನ್ನಿಸ್ತೈತಿ. ನಾನೂ ಐದನೇ ದಿನಾನ ಮಿರ್ಚಿ ಭಜಿ ವಾಸನಿಗೆ ಅತ್ತಿದ್ದೆ. ಖರೇನ ಕಣ್ಣೀರು ಹಾಕಿ ಅತ್ತಿದ್ದೆ. ಗಂಡಸರು ಏನಕ್ಕ ಅಳ್ತೀರೋ ಗೊತ್ತಿಲ್ಲ."

"ಚುರಮುರಿ ಗಿರ್ಮಿಟ್‌ಗೆ" ಎಂದ ನಯಾಜ.

ಬೇಳೆಕಟ್ಟಿನಿಂದ ಗಂಜಿಗೆ, ಗಂಜಿಯಿಂದ ಹಾಲಲ್ಲಿ ನೆನೆಸಿದ ರೊಟ್ಟಿಗೆ ಅವನನ್ನು ಕೈಹಿಡಿದು ನಡೆಸಿದವಳು ಅವಳೇ. ಊಟದ ಜೊತೆ ನೀರು ಕುಡಿಯಬಾರದು. ಮೊದಲು ತತ್ತಿ, ಬೇಳೆ, ಅನ್ನ ಕಡೆಗೆ. ವಿಟಮಿನ್ ಗುಳಿಗೆ ಜೀವನಪೂರ್ತಿ, ಬಿಡುವಂತಿಲ್ಲ. ಏನಾದರೂ ಬೇರೆ ತೊಂದರೆ ಎಂದರೆ ಅವಳು ಒಂದೇ ಮಾತು ಹೇಳುತ್ತಿದ್ದಳು: "ಅದನ್ನ ನನಗ ಕೇಳಬ್ಯಾಡ್ರಿ, ಡಾಕ್ಟರ್‌ಗೆ ಕೇಳ್ರಿ. ನಾನು ಹೊಲಿಯಾಕಿ." ನಾಲ್ಕನೆಯ ತಿಂಗಳು ಬಾಚಣಿಗೆ ತುಂಬ ಕೂದಲು ಬಂದು ಅವನು ಹೆದರಿದ.

"ವಾಪಸ್ ಬರ್ತಾವ ಬಿಡ್ರಿ."

"ಬರಲಿಲ್ಲಂದ್ರ?"

"ಟೋಪಿ ಹೊಲದು ಕೊಡ್ತೀನಿ."

ಟೋಪಿ ಬೇಕಾಗಲಿಲ್ಲ. ಅಂಗಿಗಳು ಮಾತ್ರ ತಿಂಗಳಿಗೊಮ್ಮೆ ಬಂದವು, ಸಣ್ಣ ಮಾಡಿಸಲು. ಬೆಟಗೇರಿಯಲ್ಲಿ ದರ್ಜಿಗಳೇ ಇಲ್ಲವೇನೋ ಎಂಬಂತೆ ನಯಾಜ ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಅದೇ ನಾಲ್ಕು ಅಂಗಿ ಹೊತ್ತು ತರುತ್ತಿದ್ದ. ಗಂಡಸರ ಅಳತೆ ತೆಗೆಯುವ ರೂಢಿ ಜಾಸ್ಮಿನಳಿಗಿರಲಿಲ್ಲ. ಟೇಪನ್ನು ಅವನ ಕೈಗೇ ಕೊಡುವಳು. ಅವನು ಎದೆಗೆ ಸುತ್ತಿಕೊಂಡು ಉಸಿರು ಬಿಗಿಹಿಡಿದು ನಿಲ್ಲುವನು. ಅವಳು ಒಂದು ಮಾರು ದೂರದಿಂದ ಬಗ್ಗಿ ಅಂಕಿ ಓದುವಳು. ಓದಿ ಮುಗಿದ ಮೇಲೂ ಒಂದು ಗಳಿಗೆ ಹೆಚ್ಚು ನೋಡುವಳು. ಅವನು ಉಸಿರು ಬಿಡುವುದನ್ನೇ ಮರೆಯುವನು.

"ಉಸಿರು ಬಿಡ್ರಿ, ಇಲ್ಲಂದ್ರ ಅಳತಿ ತಪ್ಪತೈತಿ" ಎಂದು ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅತ್ತಿಗೆ ಮಹೆಕ ನಗುವಳು. "ಇಬ್ಬರೂ ಬಿಡ್ರಿ."

*

ಡಿಸೆಂಬರಿನ ಒಂದು ಭಾನುವಾರ ಮಹೆಕಳನ್ನು ಕರೆದುಕೊಂಡು ಜಾಸ್ಮಿನ ಮಾಗಡಿ ಕೆರೆಗೆ ಹೋದಳು. ನಯಾಜ ಬೆಟಗೇರಿಯಿಂದ ಬಂದಿದ್ದ. ಕೆರೆಯ ತುಂಬ ದೂರದೇಶದ ಹಕ್ಕಿಗಳು. ಏರಿಯ ಮೇಲೆ ಅವನು ದಮ್ಮು ಕಟ್ಟದೆ ನಡೆಯುತ್ತಿದ್ದ. ನಲವತ್ತು ಕಿಲೋ ಇಳಿದಿದ್ದ. ಮತ್ತೆ ಮಗ್ಗಕ್ಕೂ ಇಳಿದಿದ್ದ. ಮಹೆಕ ಬೇಕೆಂದೇ ಹಿಂದೆ ಉಳಿದು ಶೇಂಗಾ ತಿನ್ನುತ್ತಿದ್ದಳು.

"ಒಂದು ವಿಷಯ ಹೇಳೋದಿತ್ತು" ಎಂದಳು ಜಾಸ್ಮಿನ. "ನನ್ನ ಆಪರೇಷನ್ ಮಾತು ಲಕ್ಷ್ಮೇಶ್ವರದಾಗ ಯಾರ ಮುಂದೂ ಆಡಬ್ಯಾಡ್ರಿ. ಅಮ್ಮಿ ಎಲ್ಲಾರ ಮುಂದ ಪಿತ್ತಗಲ್ಲು ತಗಸೀವಿ ಅಂತ ಹೇಳ್ಯಾಳ. ಹೋದ ವರ್ಷ ಶಿರಹಟ್ಟಿಯವರ ಜೋಡಿ ಮಾತು ಪಕ್ಕಾ ಆಗಿತ್ತು. ಹ್ಯಾಂಗೋ ಗೊತ್ತಾತು, ಮುರಕೊಂಡು ಹ್ವಾದ್ರು. ಹೊಟ್ಟಿ ಕೊಯ್ಸಿದಾಕಿಗೆ ಮಕ್ಕಳಾಗಂಗಿಲ್ಲ ಅಂದ್ರು."

"ಡಾಕ್ಟರ್ ಹಂಗ ಹೇಳಿಲ್ಲಲ್ರಿ!"

"ಡಾಕ್ಟರ್ ಅವರ ಮನಿಗೆ ಹೋಗಿ ಹೇಳಬೇಕಿತ್ತೇನು?" ಅವಳು ನೀರಿನತ್ತ ನೋಡಿದಳು. "ಈಗ ಮುಂಡರಗಿಯವರು ಬರೋರದಾರ, ನೋಡಾಕ."

ಅವಳು ಕಾದಳು. ಅವನು ಏನಾದರೂ ಹೇಳುತ್ತಾನೆಂದು ಇಪ್ಪತ್ತು ಹೆಜ್ಜೆ ಕಾದಳು. ನಯಾಜ ಗಂಟಲು ಸರಿಮಾಡಿಕೊಂಡ, ಕೊರಳಿನ ಗುಂಡಿ ಮುಟ್ಟಿಕೊಂಡ, ಕೊನೆಗೆ ಹೇಳಿದ್ದು ಇಷ್ಟು: "ಒಳ್ಳೇದಾಗ್ಲಿ."

ಮನೆಗೆ ಬರುತ್ತಲೇ ಜಾಸ್ಮಿನ ದುಪಟ್ಟಾ ಬಿಸಾಕಿ ಮಷೀನಿಗೆ ಕೂತಳು. "ಅವನಿಗೆ ತೂಕ ಇಳಸೋದು ಕಲಿಸಿದಿ, ಬಾಯಿ ತಗಿಯೋದು ಕಲಿಸ್ಲಿಲ್ಲ" ಎಂದಳು ಮಹೆಕ.

*

ಜನವರಿಯಲ್ಲಿ, ಮುಂಡರಗಿಯವರು ಬರಲು ನಾಲ್ಕು ದಿನ ಇರುವಾಗ, ಅವರಿಂದ ಫೋನು ಬಂತು. ಗಂಡಿನ ಸೋದರಮಾವ ಖಾಜಾಸಾಬ. ಜಾಸ್ಮಿನಳ ತಾಯಿ ಶಮಶಾದಬಿ ಮಾತಾಡುತ್ತ ಮಾತಾಡುತ್ತ ಹೊಸ್ತಿಲ ಮೇಲೆ ಕುಸಿದು ಕೂತಳು.

"ಪಿತ್ತಗಲ್ಲಲ್ಲ ಅಂತ ಗೊತ್ತಾಗೇತಂತ. ಬರಂಗಿಲ್ಲಂತ. ನಿನ್ನೆ ಬೆಟಗೇರಿ ಮದುವ್ಯಾಗ ಯಾರೋ ಹೇಳ್ಯಾರ."

ಬೆಟಗೇರಿ. ಜಾಸ್ಮಿನ ಒಂದೇ ಸಾಲು ಮೆಸೇಜು ಕಳಿಸಿದಳು: ಯಾರ ಮುಂದ ಹೇಳಿದ್ರಿ?

ಎರಡನೆಯ ಬಸ್ಸಿಗೆ ನಯಾಜ ಅಂಗಡಿಯಲ್ಲಿದ್ದ. ಕೂರಲಿಲ್ಲ. ಅಂಗಡಿಯ ಹಿಂದಿನ ಪರದೆಯಾಚೆಗೇ ಮನೆ, ಅಲ್ಲಿ ಶಮಶಾದಬಿಯ ಬಿಕ್ಕು ಕೇಳುತ್ತಿತ್ತು.

"ಮದುವಿ ವಲೀಮಾ ಊಟಕ್ಕ ಕುಂತಿದ್ವಿ. ಒಂದ ದೊಡ್ಡ ತಾಟಿಗೆ ನಾಲ್ಕು ಮಂದಿ. ನನ್ನ ತಾಟಿನ್ಯಾಗ ಮೂರು ಮಂದಿ ಹಿರ್ಯಾರು, ಗುರುತಿಲ್ಲ. ನಾನು ನಾಲ್ಕು ತುತ್ತಿಗೆ ಕೈ ತಗದೆ. ಒಬ್ಬಾಂವ ಕೈ ತಗದ್ರ ಉಳಿದವರು ಹ್ಯಾಂಗ ತಿಂತಾರ್ರಿ? ಅವರೂ ಕೈ ಹಿಂದ ತಗದ್ರು. ಬಿರಿಯಾನಿ ಹಂಗ ಕುಂತೈತಿ, ಬಡಿಸಾವ ಬಂದು ಯಾಕ, ಏನಾತು, ರುಚಿ ಇಲ್ಲೇನು ಅಂತಾನ. ಅವರ ಹೊಟ್ಟಿ ಮ್ಯಾಲ ಹೊಡದಂಗಾತು ಅಂತ ನನ್ನ ಆಪರೇಷನ್ ವಿಷಯ ಹೇಳಿದೆ. ಎಲ್ಲಿ, ಹ್ಯಾಂಗ ಅಂತ ಕೇಳಿದ್ರು. ಹೇಳ್ತಾ ಹೇಳ್ತಾ..." ಅವನು ತಡೆದ. "ನಿಮ್ಮ ಹೆಸರು ಬಂತು. ಲಕ್ಷ್ಮೇಶ್ವರದ ಜಾಸ್ಮಿನ ಅವರು ಮಾಡಿಸಿಕೊಂಡು ಗಟ್ಟಿ ನಿಂತಾರ, ಅವರು ದಾರಿ ತೋರಿಸಿದ್ರು ಅಂದೆ. ಬೆಟಗೇರ್ಯಾಗ ಯಾರಿಗೆ ಗೊತ್ತಾಗ್ತೈತಿ ಅನಕೊಂಡೆ. ನಿಮ್ಮ ಮೆಸೇಜ್ ಬಂದ ಮ್ಯಾಲ ಮದುವಿ ಮನ್ಯಾಗ ಕೇಳಿದೆ, ಅವರೊಳಗ ಒಬ್ಬರು ಮುಂಡರಗಿ ಖಾಜಾಸಾಬ ಅಂತ."

"ಹೊಗಳಿದ್ರಿ."

"ಹೊಗಳಿದ್ನಿರಿ."

"ಹೊಗಳಾಕೂ ನನ್ನ ಕೇಳಬೇಕಿತ್ತು." ಅವಳ ದನಿ ಏರಲಿಲ್ಲ. ಅದಕ್ಕೇ ಅವನು ಹೆಚ್ಚು ಬೆವರಿದ. "ನಿಮ್ಮ ಹೊಟ್ಟಿ ಮಾತು ನಿಮ್ಮದು. ಊರ ತುಂಬ ಡಂಗುರ ಹೊಡೀರಿ. ನನ್ನ ಹೊಟ್ಟಿ ಮಾತು ನನ್ನದು."

"ಖರೆ. ತಪ್ಪು ನನ್ನದ. ಮುಂಡರಗಿಗೆ ನಾನ ಹೋಗಿ ಮಾತಾಡ್ತೀನಿ."

"ಏನಂತ? ನಾನು ಹೇಳಿದ್ದು ಸುಳ್ಳಂತ?"

"ಇಲ್ರಿ. ಸುಳ್ಳು ಅನ್ನಂಗಿಲ್ಲ" ಎಂದ ನಯಾಜ. "ಜಾಸ್ಮಿನ ಅವರು ಮಾಡಿಸ್ಕೊಂಡದ್ದು ಮುಚ್ಚಿಡೋ ಅಂಥಾದ್ದಲ್ಲ, ಆದರ ಹೇಳೋ ಹಕ್ಕು ನನಗಿರಲಿಲ್ಲ ಅಂತ ಹೇಳ್ತೀನಿ."

ಜಾಸ್ಮಿನ ಅವನನ್ನು ದಿಟ್ಟಿಸಿದಳು. ಮೂರು ವರ್ಷದಲ್ಲಿ ಯಾರೂ, ತಾಯಿಯೂ, ಅದನ್ನು ಮುಚ್ಚಿಡುವಂಥದ್ದಲ್ಲ ಎಂದಿರಲಿಲ್ಲ. ಒಳಗೆ ಎಲ್ಲೋ ಬಿಗಿದಿದ್ದ ಒಂದು ಹೊಲಿಗೆ ಬಿಚ್ಚಿತು. ಪರದೆ ಸರಿಸಿ ತಾಯಿಯ ಕೈಯಿಂದ ಫೋನು ತಗೊಂಡು, ಸ್ಪೀಕರ್ ಹಾಕಿ, ಅದೇ ನಂಬರಿಗೆ ಹಚ್ಚಿದಳು.

"ಖಾಜಾಸಾಬ ಚಾಚಾ, ನಾನು ಜಾಸ್ಮಿನ. ಹೌದ್ರಿ, ಆಪರೇಷನ್ ಆಗೇತಿ. ನಿಮ್ಮ ಮುಂದ ಸುಳ್ಳು ಹೇಳಿದ್ದು ತಪ್ಪು, ಅದಕ್ಕ ಮಾಫಿ ಕೇಳ್ತೀನಿ. ಮಾಡಿಸ್ಕೊಂಡಿದ್ದಕ್ಕ ಕೇಳಂಗಿಲ್ಲ. ಶುಗರ್ ಹೋತು, ಮಂಡಿ ನೋವು ಹೋತು, ನನ್ನ ಅಂಗಡಿ ನಾನ ನಡಸ್ತೀನಿ. ಮಕ್ಕಳಿಗೇನೂ ಅಡ್ಡಿಯಿಲ್ಲ ಅಂತ ಡಾಕ್ಟರ್ ಹೇಳ್ಯಾರ. ನೀವು ಬರ್ರಿ ಅಂತ ಫೋನ್ ಮಾಡಿಲ್ಲ. ಬರಬ್ಯಾಡ್ರಿ. ಖರೆ ಏನಂತ ನನ್ನ ಬಾಯಿಲೆ ಕೇಳ್ರಿ ಅಂತ ಮಾಡೀನಿ."

ಶಮಶಾದಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಬೇಟಿ" ಎಂದಿತು ಖಾಜಾಸಾಬನ ದನಿ, ತಗ್ಗಿ. "ಬ್ಯಾಡಂದಾಕಿ ನಮ್ಮ ಅಕ್ಕ, ಹುಡುಗನ ತಾಯಿ, ಆಕಿ ಮಾತು ಬಿಡು. ನನ್ನ ಮಗಳು... ಇಪ್ಪತ್ತಾರು ವಯಸ್ಸು. ಎರಡು ವರ್ಷಾತು, ಮೈ ಭಾರದ ನಾಚಿಕಿಗೆ ಮನಿ ಬಿಟ್ಟು ಹೊರಗ ಬರವಲ್ಲಳು. ಆಕಿ ಕೂಡ ಒಂದೀಟು ಮಾತಾಡ್ತಿಯೇನು?"

"ನಂಬರ ಕೊಡ್ರಿ. ನಾಳೆ ಮಧ್ಯಾಹ್ನ ಹಚ್ತೀನಿ."

ಫೋನು ಇಟ್ಟಾಗ ಅವಳ ಮುಖ ನಗುತ್ತಿತ್ತು. ನಯಾಜ ಇನ್ನೂ ನಿಂತೇ ಇದ್ದ.

"ಇನ್ನೂ ಏನೈತ್ರಿ?"

"ಕೆರಿ ಮ್ಯಾಲ ಹೇಳಬೇಕಾದ್ದೊಂದು ಉಳಿದೈತ್ರಿ." ಅವನು ಈ ಸಲ ಗುಂಡಿ ಮುಟ್ಟಿಕೊಳ್ಳಲಿಲ್ಲ, ನೆಲವನ್ನೂ ನೋಡಲಿಲ್ಲ. "ನನ್ನ ಲಗ್ನ ಆಗ್ರಿ."

ಪರದೆಯಾಚೆ ಬಿಕ್ಕು ಥಟ್ಟನೆ ನಿಂತಿತು.

ಜಾಸ್ಮಿನ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೋಡ್ರಿ, ಆಪರೇಷನ್ ಆದ ಮೊದಲನೇ ವರ್ಷ ಮನಸ್ಸು ನಮ್ಮ ಕೈಯಾಗ ಇರಂಗಿಲ್ಲ. ಕನ್ನಡ್ಯಾಗ ಹೊಸಾ ಮುಖ ಕಾಣ್ತೈತಿ. ದಾರಿ ತೋರಿಸಿದವರ ಮ್ಯಾಲೆಲ್ಲಾ ಪ್ರೀತಿ ಬರ್ತೈತಿ. ಆಮ್ಯಾಲ ಇಳೀತೈತಿ, ತೂಕ ಇಳದಂಗ."

"ಅದು ಆಪರೇಷನ್ ಆದವರ ಮಾತಾತ್ರಿ" ಎಂದ ನಯಾಜ. "ನಾನು ನಿಮ್ಮನ್ನ ಇಷ್ಟಪಟ್ಟಾಗ ನೂರಾ ಮೂವತ್ತೆಂಟು ಕಿಲೋ ಇದ್ದೆ. ಇನ್ನೂ ಒಂದು ಕಿಲೋ ಇಳಿದಿರಲಿಲ್ಲ."

ಅವಳ ಟೇಪು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಲು ಇಬ್ಬರೂ ಒಟ್ಟಿಗೆ ಬಗ್ಗಿದರು. ಯಾರೂ ಎತ್ತಲಿಲ್ಲ.

"ಅವನ ತಾಯಿಗೆ ಗೊತ್ತೈತೇನು ಕೇಳು!" ಪರದೆಯ ಹಿಂದಿನಿಂದ ಶಮಶಾದಬಿ.

"ಗೊತ್ತೈತ್ರಿ" ಎಂದ ನಯಾಜ ಎದ್ದು ನಿಂತು. "ಜೋಡೀನ ಬಂದಾಳ್ರಿ. ಬಸ್‌ಸ್ಟ್ಯಾಂಡಿನ್ಯಾಗ ಕುಂದ್ರಿಸೇನಿ. ಮೊದ್ಲು ನಾನೊಬ್ಬನ ಹೋಗಿ ಬೈಸಿಕೊಂಡು ಬರ್ತೀನಿ, ಜೀವ ಉಳಿದ್ರ ಕರೀತೀನಿ ಅಂತ ಹೇಳೇನಿ."

"ತಾಸಾತಲ್ರಿ!" ಜಾಸ್ಮಿನ ದುಪಟ್ಟಾ ಎಳೆದುಕೊಂಡಳು. "ಅಮ್ಮಿ, ಹೋಗಲೇನು?"

ಪರದೆಯಾಚೆ ಒಲೆಯ ಲೈಟರು ಎರಡು ಸಲ ಟಕ್ ಟಕ್ ಎಂದಿತು. "ಜಲ್ದಿ ಕರ್ಕೊಂಡು ಬಾ. ಚಾಕ್ಕ ಇಟ್ಟೀನಿ."

ಬಜಾರದ ಮಂದಿ ನೋಡುತ್ತಿದ್ದಂತೆ ಜಾಸ್ಮಿನ ಮುಂದೆ, ನಯಾಜ ಎರಡು ಹೆಜ್ಜೆ ಹಿಂದೆ ನಡೆದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೈಚೀಲ ತಬ್ಬಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಮಗನನ್ನು ನೋಡಿದಳು, ಮುಂದೆ ಬಂದವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು.

"ನನ್ನ ಮಗನ್ನ ಅರ್ಧಾ ಮಾಡಿದಾಕಿ ನೀನ ಏನು?"

"ಹೌದ್ರಿ" ಎಂದಳು ಜಾಸ್ಮಿನ, ಕೈಚೀಲ ಎತ್ತಿಕೊಳ್ಳುತ್ತ. "ಉಳಿದರ್ಧಾ ಕೇಳಾಕ ಬಂದೀನಿ."