ಬರುವಾಗ ಬಾರಿಸುವ ಗತ್ತು

ಸಾವಿರದ ಒಂಬೈನೂರ ತೊಂಬತ್ತೇಳನೇ ಇಸವಿ, ಫೆಬ್ರವರಿ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅರಸೀಕೆರೆಯ ಕೊಬ್ಬರಿ ಮಂಡಿಯ ಇಂದುಧರ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್ಸ್‌ಪೆಕ್ಟರ್ ಏಕಾಂತಯ್ಯ ಕುರ್ಚಿಯಲ್ಲಿ ಇರಲಿಲ್ಲ. ಸಿಗರೇಟು ಬಿಟ್ಟು ಅವರಿಗೆ ಅಂದಿಗೆ ಒಂಬತ್ತು ದಿನ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದಾದ ಮೇಲೆ ಯಾಕೆ ನಡೆದೆನೆಂದು ತಿಳಿಯದು. ಲವಂಗ ಅಗಿಯುತ್ತ, ಕಿಟಕಿಯ ಸರಳಿನ ಮೇಲೆ ಬೆರಳು ಬಡಿಯುತ್ತ ನಿಂತಿದ್ದರು.

“ಮನೇಲಿ ಪ್ಲೇಟು ಕಳುವಾಗಿದೆ ಸಾರ್,” ಎಂದ ಇಂದುಧರ. “ನಮ್ಮ ತಂದೆ ಕಾಲದ್ದು. ಭಾನುವಾರ ಬೆಂಗಳೂರಿಂದ ಒಬ್ಬರು ಅದಕ್ಕೋಸ್ಕರಾನೇ ಬರ್ತಿದಾರೆ.”

“ಎಷ್ಟು ಪ್ಲೇಟು?”

“ಒಂದೇ. ಆದ್ರೆ ಅಂಥದ್ದು ಇನ್ನೊಂದಿಲ್ಲ.”

ಬರೆದುಕೊಳ್ಳುತ್ತಿದ್ದವನು ಹೆಡ್ ಕಾನ್ಸ್‌ಟೇಬಲ್ ಲಕ್ಕಪ್ಪ. ಅವನ ಅಕ್ಷರ ಮುತ್ತಿನಂಥದ್ದು, ಆದರೆ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಬರೆಯುವ ಚಟ. ಮಂಡಿ ಸಾಹುಕಾರರ ಮನೆಯ ಹಳೆಯ ಪ್ಲೇಟು ಅಂದಮೇಲೆ ಇನ್ನೇನಿರುತ್ತದೆ? ‘ಒಂದು ಬೆಳ್ಳಿ ಪ್ಲೇಟು’ ಎಂದು ಬರೆದ. ತಿಪಟೂರಿಗೆ ಹೊರಟ ಕೊಬ್ಬರಿ ಲಾರಿ ಹೊರಗೆ ಹಾರನ್ ಹಾಕುತ್ತಿತ್ತು. ಇಂದುಧರ ಓದದೆ ಸಹಿ ಮಾಡಿದ. ಹನ್ನೊಂದಕ್ಕೆ ಎಫ್‌ಐಆರ್ ಆಯಿತು: ಭಾರತ ದಂಡ ಸಂಹಿತೆ ಕಲಂ ಮುನ್ನೂರ ಎಂಬತ್ತು, ವಾಸದ ಮನೆಯಲ್ಲಿ ಕಳ್ಳತನ.

ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ. ಇಂದುಧರನ ತಾಯಿ ಕಾಂತಮ್ಮ ನಡುಮನೆಯ ಮರದ ಪೆಟ್ಟಿಗೆ ತೋರಿಸಿದರು. ಒಳಗೆ ಕೆಂಪು ಬಟ್ಟೆ ಮಾತ್ರ ಇತ್ತು.

“ಎಷ್ಟು ದೊಡ್ಡದಮ್ಮ?” ಏಕಾಂತಯ್ಯ ಕೇಳಿದರು.

ಕಾಂತಮ್ಮ ಎರಡು ಕೈಯಲ್ಲಿ ಗಾಳಿಗೆ ಒಂದು ಸುತ್ತು ಬರೆದರು. “ಇಷ್ಟಗಲ, ಗುಂಡಗೆ.”

“ಕೊನೆಗೆ ಯಾವಾಗ ಹೊರಗೆ ತೆಗೆದಿದ್ರು?”

“ಸಂಕ್ರಾಂತೀಲಿ ನೆಂಟರು ಬಂದಾಗ ಒಂದ್ಸಲ ಹಾಕಿದ್ದ. ಆಮೇಲೆ ಹಾಕಿಲ್ಲ. ಸವೆದುಹೋಗುತ್ತೆ ಅಂತಾನೆ.”

ನೆಂಟರಿಗೆ ಹಾಕುವುದು, ಸವೆಯುವುದು, ಎಲ್ಲವೂ ಬೆಳ್ಳಿಗೆ ಸರಿಯಾಗಿ ಹೊಂದಿತು. ಲಕ್ಕಪ್ಪ ‘ವ್ಯಾಸ ಸುಮಾರು ಹತ್ತು ಅಂಗುಲ’ ಎಂದು ಬರೆದ. ಪಕ್ಕದ ಕೋಣೆಯಲ್ಲಿ ಹೊದಿಕೆ ಹೊದ್ದುಕೊಂಡು ಕೂತಿದ್ದ ಯಂತ್ರವನ್ನು ಯಾರೂ ನೋಡಲಿಲ್ಲ.

ಕಳೆದ ಭಾನುವಾರ ಪ್ಲೇಟು ಇತ್ತು, ಮಂಗಳವಾರ ಬೆಳಿಗ್ಗೆ ಇಲ್ಲ. ನಡುವೆ ಮನೆಗೆ ಬಂದವರು ಇಬ್ಬರೇ. ಕಸ ಮುಸುರೆಯ ಗಿಡ್ಡಮ್ಮ, ಮತ್ತೆ ಸಂಜೆ ಹೊತ್ತು ಕಾಂತಮ್ಮನಿಗೆ ಇಂಜೆಕ್ಷನ್ ಕೊಡುವ ಸಿಸ್ಟರ್ ಯಶೋಧರಾ.

ಬೆಳ್ಳಿ ಅಂಗಡಿ, ಗಿರವಿ ಅಂಗಡಿ, ಪಾತ್ರೆ ಅಂಗಡಿ ಎಂದು ಮಂಗಳವಾರ ಸಂಜೆಯೆಲ್ಲ ಪೊಲೀಸರು ಅಲೆದರು. ಏಕಾಂತಯ್ಯನಿಗೆ ಅಲೆದಾಟವೇ ಹಿತವಾಗಿತ್ತು. ಸಿಕ್ಕಿದ್ದೇನೂ ಇಲ್ಲ. ಬುಧವಾರ ಬೆಳಿಗ್ಗೆ ಗಿಡ್ಡಮ್ಮನನ್ನು ಕರೆಸಿದರು.

“ಪ್ಲೇಟು ತಗೊಂಡಿದ್ದೀಯಾ?”

“ನಮ್ಮನೇಲಿ ಉಣ್ಣಾಕೆ ಪ್ಲೇಟಿಲ್ಲ ಅಂತ ನಿಮಗೆ ಯಾರೇಳಿದ್ರು ಸಾಮಿ? ಬನ್ನಿ, ಜೋಡಿಸಿಕ್ಕಿವ್ನಿ, ಏಳವೆ. ನೀವೂ ಕೂತ್ಕಂಡು ಉಂಡು ಎಣಿಸ್ಕಂಡೋಗಿ.”

ಲಕ್ಕಪ್ಪ ನಕ್ಕುಬಿಟ್ಟ. ಏಕಾಂತಯ್ಯ ಅವಳನ್ನು ಕಳಿಸಿ ಜೀಪು ಹತ್ತಿದರು.

ಯಶೋಧರಾ ಅಂದು ಜಾವಗಲ್ಲಿನಲ್ಲಿ ಲಸಿಕೆ ಕ್ಯಾಂಪಿನಲ್ಲಿದ್ದಳು. ಮೂವತ್ತೈದರ ಹೆಂಗಸು, ನೀಲಿ ಅಂಚಿನ ಬಿಳಿ ಸೀರೆ, ಕೈ ಸ್ವಲ್ಪವೂ ನಡುಗದೆ ಸಿರಿಂಜು ಹಿಡಿಯುವವಳು. ಮಧ್ಯಾಹ್ನ ಎರಡೂವರೆಗೆ ಶಾಲೆಯ ಜಗಲಿಯಲ್ಲಿ ಅವಳ ಹೇಳಿಕೆ.

“ಸೋಮವಾರ ಹೋಗಿದ್ರಾ?”

“ಹೋಗಿದ್ದೆ. ಸಂಜೆ ಆರಕ್ಕೆ.”

“ಒಬ್ಬರೇ ಇದ್ರಾ?”

“ಕಾಂತಮ್ಮನವರು ದೇವರ ಮನೇಲಿದ್ರು. ಸ್ವಲ್ಪ ಹೊತ್ತು ಕಾದೆ.”

“ಪ್ಲೇಟಿನ ವಿಷಯ ಗೊತ್ತಾ?”

“ಕಳುವಾಗಿದೆ ಅಂತ ಕೇಳಿದೆ.” ಅವಳು ಹತ್ತಿಯ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಯಾರು ತಗೊಂಡಿದ್ರೂ ಜೋಪಾನವಾಗೇ ಇಟ್ಟಿರ್ತಾರೆ ಸರ್. ಒಡೆದಿರಲ್ಲ ಅಂತ ಅವರಿಗೆ ಹೇಳಿ.”

ಜೀಪು ಜಾವಗಲ್ ಬಿಟ್ಟು ಮೂರು ಮೈಲಿ ಬಂದಿತ್ತು. ಏಕಾಂತಯ್ಯ ಇದ್ದಕ್ಕಿದ್ದಂತೆ ಬಾಯಿಂದ ಲವಂಗ ಉಗಿದರು.

“ಲಕ್ಕಪ್ಪ, ಬೆಳ್ಳಿ ತಟ್ಟೆ ಕೆಳಗೆ ಬಿದ್ರೆ ಏನಾಗುತ್ತೆ?”

“ಸೊಟ್ಟಗಾಯ್ತದೆ ಸಾರ್.”

“ಒಡೆಯುತ್ತಾ?”

“ಬೆಳ್ಳಿ ಎಲ್ಲಾದ್ರೂ ಒಡೀತದಾ ಸಾರ್...” ಎನ್ನುತ್ತಲೇ ಲಕ್ಕಪ್ಪನ ದನಿ ಸಣ್ಣಗಾಯಿತು. ಕಳುವಾದದ್ದು ಬೆಳ್ಳಿ ಎಂದು ಇಂದುಧರ ಹೇಳಿರಲಿಲ್ಲ, ತಾನೇ ಬರೆದದ್ದು ಎಂಬುದು ಅವನಿಗೆ ಆಗ ನೆನಪಾಗಿತ್ತು.

ಜೀಪು ತಿರುಗಿತು. ಜಾವಗಲ್ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಏಕಾಂತಯ್ಯ ಮಂಡಿಗೆ ಫೋನು ಹಚ್ಚಿದರು.

“ನಿಮ್ಮದು ಯಾವ ಪ್ಲೇಟ್ರೀ?”

“ಗ್ರಾಮಫೋನ್ ಪ್ಲೇಟು ಕಣ್ರೀ! ಹಾಡೋದು!”

ಏಕಾಂತಯ್ಯ ರಿಸೀವರ್ ಇಟ್ಟು, ಹೊರಗೆ ನಿಂತಿದ್ದ ಲಕ್ಕಪ್ಪನನ್ನು ಬಹಳ ಹೊತ್ತು ನೋಡಿದರು. ಒಂದು ಸಿಗರೇಟು ಸಿಕ್ಕಿದ್ದರೆ ಅವನಿಗೆ ಅಷ್ಟು ಬೈಗುಳ ಬೀಳುತ್ತಿರಲಿಲ್ಲ. ಕ್ಯಾಂಪಿಗೆ ಹೋದರೆ, ಸಿಸ್ಟರು ಎರಡು ದಿನದ ರಜೆ ಬರೆದುಕೊಟ್ಟು ಮೂರು ಗಂಟೆಯ ಬಸ್ಸಿಗೆ ಬೇಲೂರಿಗೆ ಹೋಗಿದ್ದರು.

ಸಂಜೆ ಆರಕ್ಕೆ ಠಾಣೆಯಲ್ಲಿ ಇಂದುಧರನ ಪೂರಕ ಹೇಳಿಕೆ. ಬೆಂಗಳೂರಿನ ಸಂಗ್ರಹಕಾರರ ಪತ್ರವನ್ನೂ ತಂದಿದ್ದ.

“ಅರಸೀಕೆರೆ ರೈಲ್ವೆ ಕಾಲೋನೀಲಿ ಬೆಂಜಮಿನ್ ಅಂತ ಗಾರ್ಡ್ ಇದ್ರು. ಅವರ ಹತ್ರ ಪ್ಲೇಟು ಕೊರೆಯೋ ಮಿಷನ್ನೇ ಇತ್ತಂತೆ. ನಲವತ್ತಾರರಲ್ಲಿ ಕೊರೆದಿದ್ದು ಇದು. ಅವರು ಊರು ಬಿಟ್ಟಾಗ ಸಾಮಾನಿನ ಜೊತೆ ನಮ್ಮ ತಂದೆ ಕೊಂಡ್ರು. ಯುದ್ಧದ ಕಾಲದ ಮಾಲು, ಗಾಜಿನ ಮೇಲೆ ಕಪ್ಪು ಬಳಿದಿರೋದು. ಅದರಲ್ಲಿರೋದು ಅಮೇರಿಕಾದ ಸಂಗೀತ, ಜಾಸ್ ಅಂತಾರೆ.”

“ಜಾಜಿ?” ಲಕ್ಕಪ್ಪ ಪೆನ್ನು ಎತ್ತಿದ.

“ನೀನು ಸುಮ್ನಿರು,” ಎಂದರು ಏಕಾಂತಯ್ಯ. “ಯಾರು ಬಾರಿಸಿದ್ದು?”

“ಪ್ಲೇಟಿನ ನಡುವಿನ ಚೀಟಿ ಮೇಲೆ ಇಂಗ್ಲಿಷಲ್ಲಿ ‘ಕಾರ್ನೆಟ್, ಜಾವರ್’ ಅಂತಿದೆ. ಕಾರ್ನೆಟ್ ಅಂದ್ರೆ ತುತ್ತೂರಿ ಥರದ್ದಂತೆ. ಜಾವರ್ ಯಾರೋ ದೊರೆ ಇರಬೇಕು.”

“ಸಿಸ್ಟರ್ ಅದನ್ನ ನೋಡಿದ್ರಾ?”

“ನೋಡಿದ್ರು. ಚೀಟಿ ಓದಿದೋರೇ ಹಂಗೇ ನಿಂತುಬಿಟ್ರು. ಆಮೇಲೆ ಮೂರು ಸಲ ಕೇಳಿದ್ರು. ‘ಒಂದ್ಸಲ ಹಾಕಿ ಅಣ್ಣ, ಇಲ್ಲ ಒಂದಿನ ಕೊಡಿ’ ಅಂತ. ಬೆಂಗಳೂರಿನೋರು ಮಿಷನ್ನಿನ ಮುಳ್ಳೇ ತಾಗಿಸಬೇಡಿ ಅಂದಿದಾರೆ. ಪ್ರತಿ ಸಲ ಹಾಕಿದಾಗಲೂ ಒಂದು ಪದರ ಕೆರೆದುಕೊಂಡು ಹೋಗುತ್ತಂತೆ. ಆಗಲ್ಲಮ್ಮ ಅಂದೆ.”

“ಮುಳ್ಳು ಎಲ್ಲಿ ಸಿಗುತ್ತೆ?”

“ಈಗ ಎಲ್ಲಿ ಸಿಗುತ್ತೆ? ಬೇಲೂರಲ್ಲಿ ರೇಡಿಯೋ ರಿಪೇರಿ ಹನುಮಂತಯ್ಯ ಅಂತ, ಅವರೊಬ್ಬರ ಹತ್ರ.”

ಗುರುವಾರ, ಹದಿಮೂರು. ಮಹಿಳಾ ಕಾನ್ಸ್‌ಟೇಬಲ್ ಮಂಜುಳಾ ಜೊತೆಗಿದ್ದಳು. ಹನ್ನೊಂದು ಗಂಟೆಗೆ ಬೇಲೂರಿನ ಅಂಗಡಿಯಲ್ಲಿ ಹನುಮಂತಯ್ಯ ಕನ್ನಡಕ ಹಣೆಗೇರಿಸಿ ನೋಡಿದರು.

“ಬಂದಿದ್ರು. ನಿನ್ನೆ ಸಾಯಂಕಾಲ. ಗ್ರಾಮಫೋನು ಬಾಡಿಗೆಗೆ ಬೇಕು ಅಂದ್ರು. ನನ್ನ ಹಳೇ ಮಿಷನ್ನಿನ ಸ್ಪ್ರಿಂಗು ಹೋಗಿತ್ತು, ಬೆಳಿಗ್ಗೆ ಸರಿ ಮಾಡಿ ಕೊಟ್ಟೆ. ನೋಡಿ ಸಾರ್, ಎಲ್ಲರೂ ಮುಳ್ಳನ್ನ ಡಬ್ಬಿಗಟ್ಲೆ ಕೇಳ್ತಾರೆ. ಈಯಮ್ಮ ಒಂದೇ ಒಂದು ಸಾಕು ಅಂದ್ರು. ಹಳೇಬೀಡಿನ ಬಸ್ಸು ಹತ್ತಿದ್ರು.”

ಹಳೇಬೀಡಿನಲ್ಲಿ ಕೇಳಿ ಹುಡುಕಿದ ಯಶೋಧರೆಯ ತಂದೆಯ ಮನೆ ಕೆರೆಯ ಕಡೆಯ ಬೀದಿಯಲ್ಲಿತ್ತು. ಹೊಸ ತಾರಸಿ, ಗೋಡೆಯ ಮೇಲೆ ಬುದ್ಧನ ಪಟ. ಹನ್ನೆರಡೂ ಕಾಲಕ್ಕೆ ಏಕಾಂತಯ್ಯ ಒಳಗೆ ಕಾಲಿಟ್ಟಾಗ ಯಶೋಧರಾ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಮುಂದೆ ಗ್ರಾಮಫೋನು. ಅದರ ಮೇಲೆ ಪ್ಲೇಟು. ಮುಳ್ಳು ಇನ್ನೂ ಪೊಟ್ಟಣದಲ್ಲೇ ಇತ್ತು. ಮಂಚದ ಮೇಲೆ ಎಪ್ಪತ್ತು ದಾಟಿದ ಮುದುಕ ನಿದ್ದೆ ಹೋಗಿದ್ದ. ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು.

“ಬಂದ್ರಾ ಸರ್,” ಎಂದಳು ಮೆಲ್ಲಗೆ. “ಅಪ್ಪ ಏಳಲಿ ಅಂತ ಕಾಯ್ತಿದ್ದೆ. ಎಬ್ಬಿಸಿದ್ರೆ ಕೆಮ್ಮು ಹತ್ತುತ್ತೆ. ಕೆಮ್ಮಿನಲ್ಲಿ ಕೇಳಿಸಲ್ಲ.”

“ನೀವು ತಗೊಂಡದ್ದು ನಿಜ?”

“ನಿಜ. ಸೋಮವಾರ, ಇಂಜೆಕ್ಷನ್ ಚೀಲದಲ್ಲಿ.”

“ಸರ್ಕಾರಿ ನೌಕರಿ. ಗೊತ್ತಿದ್ದೂ?”

“ಗೊತ್ತಿದ್ದೂ.”

ಮುದುಕ ಕಣ್ಣು ಬಿಟ್ಟ. ಖಾಕಿ ಕಂಡು ಏಳಲು ಹೋದ, ಆಗಲಿಲ್ಲ. “ಯಾರವ್ವ?”

“ಸ್ಟೇಷನ್ನಿನೋರು ಅಪ್ಪ.”

“ನಿಮ್ಮ ಹೆಸರೇನಜ್ಜ?” ಏಕಾಂತಯ್ಯ ಕೇಳಿದರು.

“ಜವರಯ್ಯ ಅಂತಾರೆ ಸಾಮಿ. ಬೆಂಜಮಿನ್ ದೊರೆಗಳು ಜವರ್, ಜವರ್ ಅನ್ನೋರು.”

ಏಕಾಂತಯ್ಯ ಪ್ಲೇಟಿನ ಚೀಟಿಯ ಕಡೆ ನೋಡಿದರು. ಬೆರಳು ಬಡಿಯುವುದು ನಿಂತಿತ್ತು. ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತ ಜವರಯ್ಯ ಹೇಳಿದ.

“ಅವರ ಕಾಂಪೌಂಡು ಗುಡಿಸ್ತಿದ್ದೆ. ತಮಟೆ ಕೈ ನಂದು, ಪೇಟೇಲಿ ಯಾರು ಸತ್ರೂ ಮುಂದೆ ನಾನು. ಒಂದಿನ ದೊರೆಗಳು ಕಾರ್ನೆಟ್ ಕೈಗೆ ಕೊಟ್ರು. ಪ್ಲೇಟ್ ಹಾಕೋರು, ಕತೆ ಹೇಳೋರು. ಅಮೇರಿಕಾದಾಗೆ ಹೊಳೆ ದಡದ ಒಂದೂರಂತೆ. ಹಿಂದೆ ಸಂತೇಲಿ ದನ ಮಾರ್ದಂಗೆ ಮಾರಿದ್ದ ಕರೀ ಜನ. ಅವರೂ ಹೆಣದ ಮುಂದೆ ಬಾರಿಸೋರೇಯ. ಹೋಗೋವಾಗ ನಿಧಾನಕ್ಕೆ, ಅಳೋಹಂಗೆ. ಮಣ್ಣು ಮಾಡಿ ಬರೋವಾಗ ಕುಣಿಯೋಹಂಗೆ. ಆ ಬರೋವಾಗಿನ ಗತ್ತಿಂದ್ಲೂ ಈ ಸಂಗೀತ ಬೆಳೀತು ಅನ್ನೋರು. ನಮ್ಮಲ್ಲಿ ಬರೋವಾಗ ಬಡಿಯಾಕಿಲ್ಲ ಸಾಮಿ. ತಮಟೆ ಕಂಕುಳಿಗೆ ಸಿಗಿಸ್ಕಂಡು ಸುಮ್ಮಗೆ ಬತ್ತೀವಿ. ಹಂಗಾರೆ ಬರೋವಾಗಿಂದು ನಾನು ಊದ್ಲಾ ದೊರೆ ಅಂದೆ. ಊದಿದೆ. ಅದ ಪ್ಲೇಟಿಗೆ ಕೊರಕಂಡ್ರು. ಅದ ನಾನು ಕೇಳ್ಲೇ ಇಲ್ಲ. ಮಾರನೇ ವಾರ ಅವರಿಗೆ ವರ್ಗ ಆಯ್ತು.”

“ಆ ಅಮೇರಿಕಾದೋರ ಪೈಕಿ ಮೊದಲನೇ ಕಾರ್ನೆಟ್ಟಿನವನದು ಒಂದು ಪ್ಲೇಟೂ ಸಿಕ್ಕಿಲ್ಲವಂತೆ ಸರ್,” ಎಂದಳು ಯಶೋಧರಾ. “ಅವನ ನಾದ ಹೆಂಗಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬ, ತನ್ನ ಕೈಚಳಕ ಯಾರೂ ಕದೀಬಾರದು ಅಂತ ಬೆರಳ ಮೇಲೆ ಕರ್ಚೀಫು ಹೊದಿಸ್ಕೊಂಡು ಊದ್ತಿದ್ದನಂತೆ. ಅಪ್ಪ ಚಿಕ್ಕಂದಿನಿಂದ ನಮಗೆ ಹೇಳಿದ ಕತೆ ಇವೇ. ನಾವು ನಂಬಲಿಲ್ಲ. ನಮ್ಮಣ್ಣ, ಸತ್ತೋರ ಮುಂದೆ ಬಡಿಯೋ ಕೆಲಸಾನೇ ಬೇಡ ಅಂತ ತಮಟೆ ಬಿಡಿಸಿದ. ಅದು ಸರಿಯೇ. ಆದ್ರೆ ಜೊತೆಗೆ ಈ ಕಾರ್ನೆಟ್ಟಿನ ಕತೇನೂ ಸುಳ್ಳು ಅಂದ. ಡಾಕ್ಟರು ಇನ್ನೊಂದು ವಾರ ಅಂದಿದಾರೆ. ಭಾನುವಾರ ಪ್ಲೇಟು ಹೋಗಿಬಿಡುತ್ತೆ. ನಾನೇನು ಮಾಡಬೇಕಿತ್ತು?”

ಲಕ್ಕಪ್ಪ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆತಂದು ಜಪ್ತಿ ಪಂಚನಾಮೆ ಬರೆಯಲು ಕೂತ.

“ಒಂದು ಕಪ್ಪು ಪ್ಲೇಟು, ಚೀಟಿ ಸಹಿತ... ಆಯ್ತು ಸಾರ್, ಸುತ್ತಿ ಸೀಲ್ ಮಾಡ್ಲಾ?”

“ಅದರೊಳಗೇನಿದೆ?”

“ಚೀಟೀಲಿ ಬರೆದೈತಲ್ಲ ಸಾರ್.”

“ಚೀಟಿ ಯಾರು ಬೇಕಾದ್ರೂ ಅಂಟಿಸ್ತಾರೆ. ಒಳಗಿರೋದು ಏನು ಅಂತ ತಿಳ್ಕೊಳ್ದೆ ಬರೀತೀಯ? ಒಂದ್ಸಲ ಬೆಳ್ಳಿ ಅಂತ ಬರೆದಿದ್ದು ಸಾಲದಾ?” ಏಕಾಂತಯ್ಯ ಯಶೋಧರೆಯ ಕಡೆ ತಿರುಗಿದರು. “ಗುರುತಿಸೋಕೆ ಹಾಕಿ ನೋಡಬೇಕು. ಮುಳ್ಳು ಹಾಕಮ್ಮ.”

ಅವಳು ಪೊಟ್ಟಣ ಬಿಡಿಸಿ ಮುಳ್ಳು ಸಿಕ್ಕಿಸಿ, ಹಿಡಿ ತಿರುಗಿಸಿದಳು.

ಮೊದಲು ಮಳೆ ಸುರಿದಂತೆ ಗರಗರ ಸದ್ದು. ಅದರ ಹಿಂದೆ ಎಲ್ಲೋ ದೂರದಿಂದ, ಅಂಚು ಹರಿದ ತುತ್ತೂರಿಯ ದನಿ ಹೊರಟಿತು. ಅದು ತಾಳಕ್ಕೆ ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ಕೂದಲೆಳೆ ಹಿಂದೆ ನಿಂತು, ಬಿದ್ದೇ ಹೋಯಿತು ಅನ್ನುವಾಗ ಹಾರಿ ಹಿಡಿಯುತ್ತಿತ್ತು. ಲಕ್ಕಪ್ಪ ಬಾಯಿ ತೆರೆದ. ಅದು ಅವನೂ ಹುಟ್ಟಿದಾಗಿನಿಂದ ಕೇಳಿದ ತಮಟೆಯ ಗತ್ತೇ. ಆದರೆ ಸಾವಿನ ಮನೆಗೆ ಬೆನ್ನು ಹಾಕಿ ಊರ ಕಡೆ ನಡೆಯುತ್ತಿತ್ತು.

ಜವರಯ್ಯ ಕೆಮ್ಮಲಿಲ್ಲ. ಇಷ್ಟು ಜನ ನೋಡುತ್ತಿದ್ದಾರೆಂದೋ ಏನೋ, ಹೆಗಲ ಮೇಲಿನ ಟವಲನ್ನು ಎಳೆದು ಬಲಗೈ ಮೇಲೆ ಹೊದಿಸಿಕೊಂಡ. ಟವಲಿನ ಕೆಳಗೆ ಮೂರು ಬೆರಳು ಏರಿ ಇಳಿಯುತ್ತಿದ್ದವು.

ಮೂರು ನಿಮಿಷ ಏಕಾಂತಯ್ಯ ಕೂತ ಕಡೆಯಿಂದ ಅಲುಗಲಿಲ್ಲ.

“ನಾನೇಯ,” ಎಂದ ಮುದುಕ, ಹಾಡು ಮುಗಿದು ಪ್ಲೇಟು ಸುಮ್ಮನೆ ಸುತ್ತತೊಡಗಿದಾಗ. “ಆ ನಡುವೆ ಒಂದು ಕಡೆ ತಪ್ಪಿದೀನಿ. ಆದ್ರೂ ನಾನೇಯ.”

ಒಂದೂ ಹತ್ತಕ್ಕೆ, ಬೀದಿಯ ತಿರುವಿನಲ್ಲಿ, ತಂದೆಯ ಕಣ್ಣಿಗೆ ಬೀಳದ ಹಾಗೆ ದಸ್ತಗಿರಿ. ಮುದುಕನ ಹತ್ತಿರ ಕುಳಿತುಕೊಳ್ಳಲು ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಬಂದರು. ಸರ್ಕಾರಿ ನೌಕರರು ನಲವತ್ತೆಂಟು ಗಂಟೆ ಬಂಧನದಲ್ಲಿ ಉಳಿದರೆ ಅಮಾನತು. ಅದಕ್ಕೇ ಏಕಾಂತಯ್ಯ ಜೀಪನ್ನು ಎಲ್ಲಿಯೂ ನಿಲ್ಲಿಸಗೊಡಲಿಲ್ಲ. ನಾಲ್ಕೂ ನಲವತ್ತಕ್ಕೆ ನ್ಯಾಯಾಧೀಶರ ಮುಂದೆ ಹಾಜರು. ಐದೂವರೆಗೆ ಜಾಮೀನು. ಮಂಜುಳಾ ಅವಳನ್ನು ಹಳೇಬೀಡಿನ ಬಸ್ಸಿಗೆ ಹತ್ತಿಸಿ ಬಂದಳು.

ಇಂದುಧರ ಠಾಣೆಯಲ್ಲಿ ಕಾಯುತ್ತಿದ್ದ. ಎಲ್ಲ ಕೇಳಿದ ಮೇಲೆ ಬೆಂಚಿನ ಮೇಲೆ ಕೂತ.

“ಜಾವರ್ ಅಂದ್ರೆ ನಮ್ಮ ಜವರಯ್ಯನಾ? ನಮ್ಮ ತಾತ ಹೋದಾಗ ಮುಂದೆ ಬಡಿದೋನು ಅವನೇ ಕಣ್ರೀ. ನಮ್ಮನೆ ಹಿತ್ತಲಲ್ಲಿ ಊಟ ಹಾಕಿದ್ವಿ.” ಆಮೇಲೆ ಕೇಳಿದ, “ಪ್ಲೇಟು ಹಾಕಿದ್ರಾ?”

“ಹಾಕಿದ್ವಿ.”

“ಸವೆಯಿತಾ?”

“ಒಂದು ಪದರ.”

ಇಂದುಧರ ಹೂಂ ಎಂದ. ಅವನು ಹೋದಮೇಲೆ ಲಕ್ಕಪ್ಪ ಕಡತ ತೆರೆದ.

“ಬೆಳ್ಳಿ ಅನ್ನೋದಕ್ಕೆ ತಿದ್ದುಪಡಿ ವರದಿ ಬರೆದಿವ್ನಿ ಸಾರ್. ಕಳ್ಳತನದ ಉದ್ದೇಶ ಅನ್ನೋ ಜಾಗ ಖಾಲಿ ಐತೆ. ಏನಂತ ಬರೀಲಿ?”

ಏಕಾಂತಯ್ಯ ಕಿಟಕಿಯ ಹತ್ತಿರ ನಿಂತಿದ್ದರು. “ಹೇಳಿದಷ್ಟೇ ಬರಿ. ಒಂದು ಮಾತೂ ಹೆಚ್ಚು ಬೇಡ,” ಎಂದು ನಿಧಾನವಾಗಿ ಹೇಳಿ ಬರೆಸಿದರು. ಲಕ್ಕಪ್ಪ ಅಂದು ಅಷ್ಟೇ ಬರೆದ:

‘ಆರೋಪಿಗೆ ಪ್ಲೇಟು ಬೇಕಾಗಿರಲಿಲ್ಲ. ಅದರಲ್ಲಿದ್ದದ್ದನ್ನು ಅದರ ಯಜಮಾನನಿಗೆ ಒಂದು ಸಲ ಕೇಳಿಸಬೇಕಾಗಿತ್ತು.’