ಪೂಜೆಗಿಟ್ಟ ಹನ್ನೊಂದು ವಹಿಗಳು

2025ರ ಅಕ್ಟೋಬರ್ 2, ವಿಜಯದಶಮಿ. ಬೆಳಿಗ್ಗೆ 10:40ಕ್ಕೆ ನಿವೃತ್ತ ಅಧ್ಯಾಪಕ ಸಿದ್ದರಾಮೇಶ ಹಿರೇಮಠರು ಲಿಂಗಸುಗೂರು ಠಾಣೆಗೆ ಬಂದು ಲಿಖಿತ ದೂರು ಸಲ್ಲಿಸಿದರು. ಪ್ರಾಚೀನ ಗ್ರೀಕ್ ಕವಿ-ಪಂಡಿತನೊಬ್ಬನ ಕೃತಿಗಳೆಲ್ಲ ಅಳಿದು, ಪರರು ಉದ್ಧರಿಸಿದ ಚೂರುಗಳಷ್ಟೇ ಉಳಿದಿವೆ. ಆ ಚೂರುಗಳನ್ನೂ ಅವನ ಜೀವನವೃತ್ತಾಂತವನ್ನೂ ಹಿರೇಮಠರು ಮೂವತ್ತು ವರ್ಷ ಹುಡುಕಿ ಕನ್ನಡಿಸಿದ ಹನ್ನೊಂದು ಕೈಬರಹದ ವಹಿಗಳು ಕಳುವಾಗಿದ್ದವು. ಹಳೆಯ ಕರಡುಗಳು ಉಳಿದಿರಲಿಲ್ಲ; ಬೇರೆ ಪ್ರತಿಯೂ ಇರಲಿಲ್ಲ. ಸಿಂಧನೂರಿನಲ್ಲಿ ಅಚ್ಚಿನ ಕೆಲಸ ಮರುದಿನವೇ ಆರಂಭವಾಗಬೇಕಿತ್ತು.

“ಮಾಲಿನ ಕಿಮ್ಮತ್ತು ಎಷ್ಟಂತ ಬರೀಲ್ರಿ?” ಪೇದೆ ಹಸನ್‌ಸಾಬ್ ಕೇಳಿದ.

“ನನ್ನ ಆಯುಷ್ಯ ಅಂತ ಬರಿಯಪ್ಪ.”

“ಅದಕ್ಕ ಕಾಲಂ ಇಲ್ರಿ, ಸರ.”

ಹಬ್ಬದ ಬಂದೋಬಸ್ತಿನಲ್ಲಿ ನಾಲ್ಕು ದಿನ ನಿದ್ದೆಗೆಟ್ಟಿದ್ದ ಇನ್‌ಸ್ಪೆಕ್ಟರ್ ಮೈಲಾರಲಿಂಗಪ್ಪ ಎಫ್‌ಐಆರ್‌ಗೆ ಸಹಿ ಹಾಕಿ ಎದ್ದರು.

12:15ಕ್ಕೆ ಹಿರೇಮಠರ ಮನೆಯಲ್ಲಿ ಪಂಚನಾಮೆ ನಡೆಯಿತು. ಸರಸ್ವತಿ ಪೂಜೆಗಾಗಿ 29ರಂದು ವಹಿಗಳನ್ನು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ ಪೀಠದ ಮೇಲಿಡಲಾಗಿತ್ತು. ಪೂಜೆಗಿಟ್ಟ ಪುಸ್ತಕವನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಇಂದು ಬಿಚ್ಚಿದಾಗ ಒಳಗಿದ್ದವು ಹನ್ನೊಂದು ಹಳೆಯ ಪಂಚಾಂಗಗಳು.

“ಗಂಟು ಕಟ್ಟಿದೋರು ಯಾರ್ರಿ?”

“ನಾಗವೇಣಿ, ನನ್ನ ಶಿಷ್ಯೆ. ನನ್ನ ಕಣ್ಣು ಮಂಜಾದಾಗಿಂದ ಆಕೀನ ಎಲ್ಲಾ ಶುದ್ಧಪ್ರತಿ ಮಾಡ್ಯಾಳ. ಆಕಿ ಮ್ಯಾಲೆ ಸಂಶಯ ಬ್ಯಾಡ್ರಿ. ಆವತ್ತು ಪೂಜಾಕ್ಕ ಮೂವತ್ತು ಮಂದಿ ಬಂದಿದ್ರು.”

ಇನ್‌ಸ್ಪೆಕ್ಟರ್ ಪಂಚಾಂಗಗಳ ಪುಟ ತಿರುವಿದರು. ಗಾತ್ರ ಸರಿದೂಗಿಸಲು ರದ್ದಿ ಪತ್ರಿಕೆಗಳೇ ಸಾಕಾಗುತ್ತಿದ್ದವು. ಆದರೆ ದೇವಿಯ ಪೀಠದ ಮೇಲೆ ರದ್ದಿಯಿಡಲು ಕಳ್ಳತನ ಮಾಡಿದವರಿಗೆ ಮನಸ್ಸಾಗಿರಲಿಲ್ಲ. ಅಂಚಿನಲ್ಲಿ ಯಾವುದೋ ಮನೆಯವರು ಬರೆದಿಟ್ಟ ಟಿಪ್ಪಣಿಗಳನ್ನು ಹರಿದು ತೆಗೆಯಲೂ ಕೈ ಬಂದಿರಲಿಲ್ಲ: ‘ವಳಕಮದಿನ್ನಿ ಕಾಲುವೆಗೆ ನೀರು ಬಿಟ್ಟರು.’ ‘ಭತ್ತ ನಾಟಿ ಮುಗಿಯಿತು.’

“ವಳಕಮದಿನ್ನಿಯೋರು ಯಾರಾದರೂ ಬಂದಿದ್ರೇನ್ರಿ?”

ಹಿರೇಮಠರು ಕೆಂಪು ವಸ್ತ್ರವನ್ನು ಮಡಚಿ ಪೀಠದ ಮೇಲಿಟ್ಟರು. “ನಾಗವೇಣೀನ ಕೊಟ್ಟ ಊರು ಅದು” ಎಂದರು.

ಜೀಪು ಮಸ್ಕಿ ದಾಟಿ, ಸಿಂಧನೂರಿನಲ್ಲಿ ಮಹಿಳಾ ಪೇದೆ ಮಹಾಲಕ್ಷ್ಮಿಯನ್ನು ಹತ್ತಿಸಿಕೊಂಡು, 4:20ಕ್ಕೆ ವಳಕಮದಿನ್ನಿ ತಲುಪಿತು. ವಹಿಗಳನ್ನು ಹುಡುಕಬೇಕಾಗಲಿಲ್ಲ. ದೇವರ ಜಗಲಿಯ ಮೇಲೆ, ಅಂದಿನ ಹೂವು ಏರಿಸಿಕೊಂಡು, ಹನ್ನೊಂದೂ ಇದ್ದವು.

“ಕದ್ದ ಮಾಲಿಗೂ ಪೂಜಾ ಮಾಡೀಯಲ್ಲವ್ವ!” ಎಂದಳು ಮಹಾಲಕ್ಷ್ಮಿ.

“ಅಕ್ಷರ ಅಲ್ಲೇನ್ರಿ ಅಕ್ಕಾ” ಎಂದಳು ನಾಗವೇಣಿ.

“ಯಾಕ ತಂದಿ?” ಇನ್‌ಸ್ಪೆಕ್ಟರ್ ಕೇಳಿದರು.

“ಪ್ರತಿ ಮಾಡಾಕ ತಂದಾಗ ಆರನೇ ವಹಿಯ ಕರಡು ಮಳಿಗೆ ತೊಯ್ದಿತ್ರಿ. ಹತ್ತು ಪುಟ ಅಳಿಸಿ ಹೋದುವು. ಗುರುಗಳಿಗೆ ಹೇಳಾಕ ಅಂಜಿ, ನಾನ ಪದ್ಯ ಕಟ್ಟಿ ತುಂಬಿದೆ. ಓದಿ ಹೇಳಿದಾಗ ಅವರ ಕಣ್ಣಾಗ ನೀರು ಬಂತ್ರಿ. ಇದ ನೋಡವ್ವ ಕವಿಯ ಖರೇ ದನಿ ಅಂದ್ರು.”

“ಈಗೇನಾತು?”

“ಅಚ್ಚಾದರ ಅದ ಖರೆ ಆಗತೈತ್ರಿ. ಆ ಕವಿ ಪುಣ್ಯಾತ್ಮನ ಹೆಸರಿನ ಮ್ಯಾಲೆ ನನ್ನ ಸುಳ್ಳು ಕುಂದರತೈತಿ. ಬಾಯಿಬಿಟ್ಟು ಹೇಳಾಕ ಧೈರ್ಯ ಬರಲಿಲ್ಲ.”

4:55ಕ್ಕೆ, ಹೆಣ್ಣುಮಗಳಾದ್ದರಿಂದ ಸೂರ್ಯಾಸ್ತಕ್ಕೆ ಮುನ್ನವೇ, ದಸ್ತಗಿರಿ ಆಯಿತು.

ಠಾಣೆಯಲ್ಲಿ ಹಿರೇಮಠರು ಕಾದಿದ್ದರು. ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಓದಿ ಹೇಳಿದರು. ನಾಗವೇಣಿ ತಲೆ ಎತ್ತಲಿಲ್ಲ. ವೃದ್ಧರು ಕೈ ಚಾಚಿದರು. “ಆರನೇ ವಹಿ ಕೊಡ್ರಿ. ಒಂದು ಪೆನ್ಸಿಲ್ಲೂ ಕೊಡ್ರಿ. ಆಕಿ ಕಟ್ಟಿದ ಸಾಲಿಗೆಲ್ಲ ಗೆರಿ ಹೊಡೀತೀನಿ.”

“ಜಪ್ತಾದ ಮುದ್ದೆಮಾಲಿಗೆ ಗೆರಿ ಹಾಕಂಗಿಲ್ರಿ ಸರ. ಕೋರ್ಟಿನ ಹುಕುಂ ಆಗಬೇಕು” ಎಂದರು ಇನ್‌ಸ್ಪೆಕ್ಟರ್.

ಅವರು ಭೂತಗನ್ನಡಿ ಹಿಡಿದು, ಇನ್‌ಸ್ಪೆಕ್ಟರ್ ತೆರೆದು ತೋರಿಸಿದ ಪುಟಗಳ ಮೇಲೆ ಅರ್ಧ ಗಂಟೆ ಬಾಗಿ ಕುಳಿತರು. ಕೊನೆಗೆ ಕನ್ನಡಿ ಕೆಳಗಿಟ್ಟರು.

“ಹಂಗಾರ ಮದಲ ಆಕೀನ ಬಿಡ್ರಿ. ಅವನ ಮಾತು ಎಲ್ಲಿ ಮುಗೀತು, ಈಕಿದು ಎಲ್ಲಿ ಸುರುವಾತು, ನನಗ ತಿಳೀವಲ್ದು. ತೋರಿಸೋರು ಬ್ಯಾರೆ ಯಾರದಾರ?”

ಇನ್‌ಸ್ಪೆಕ್ಟರ್ ಜಾಮೀನಿನ ಕಾಗದಗಳನ್ನು ತರಿಸಿದರು. ಕೇಸ್ ಡೈರಿಯಲ್ಲಿ ಉದ್ದೇಶದ ಎದುರು ಬರೆದರು: ‘ಲಾಭವಲ್ಲ. ಗುರುವಿನ ಮುಂದೆ ಒಮ್ಮೆ ಸತ್ಯ ನುಡಿಯಲು ಅಂಜಿದ್ದು.’ ವೇಳೆ ರಾತ್ರಿ 8:10.