ನಲವತ್ತೊಂದನೇ ಅರ್ಜಿ

“ಮತ್ತೆ ಬಾಗಿಲು ಹಾಕ್ಕೊಂಡಳಾ ನಿಮ್ಮ ಮುದ್ದಿನ ಸೊಸೆ?” ಚಪ್ಪಲಿ ಬಿಡುವ ಮೊದಲೇ ಹಿರಿ ಸೊಸೆ ಕೇಳಿದಳು.

ಅತ್ತೆ ಮಾತ್ರೆ ನುಂಗಿ, ಮೊಬೈಲನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರು. “ಮೆಲ್ಲಗೆ ಮಾತಾಡೇ. ಇಲ್ನೋಡು, ಮಾತ್ರೆ ಹೊತ್ತಿಗೆ ಸರಿಯಾಗಿ ಕೂಗುತ್ತೆ. ನುಂಗಿದೆ ಅಂತ ಒತ್ತೋವರೆಗೂ ಬಿಡಲ್ಲ! ಅವಳೇ ಮಾಡಿರೋದು. ನೀನು ಕೆಲಸಕ್ಕೆ ಜನ ಹುಡುಕ್ತೀಯ, ಇವಳಿಗೆ ಕೆಲಸಾನೇ ಬರುತ್ತೆ ನೋಡು!”

ಮುದುಕಿಯ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ, ನಾಲಿಗೆಗೆ ಮಾತ್ರ ಬೇಲಿಯಿರಲಿಲ್ಲ. ಆ ಮಾತು ಹಿರಿ ಸೊಸೆಯ ಎದೆಗೆ ನಾಟಿತು. ಹನ್ನೊಂದು ವರ್ಷದಿಂದ ಅವಳು ಒಂದು ಸಾಫ್ಟ್‌ವೇರ್ ಕಂಪನಿಯ ನೇಮಕಾತಿ ವಿಭಾಗದಲ್ಲಿದ್ದಳು. ಬಾಗಿಲ ಪಕ್ಕದ ಮೊಳೆಗೆ ಕಂಪನಿಯ ಗುರುತಿನ ಕಾರ್ಡು ನೇತುಹಾಕುವವಳು ಈ ಮನೆಯಲ್ಲಿ ಅವಳೊಬ್ಬಳೇ. ಓರಗಿತ್ತಿಯೂ ಹಿಂದೆ ಪ್ರೋಗ್ರಾಂ ಬರೆಯುತ್ತಿದ್ದವಳೇ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಅಷ್ಟು ದಿನವೂ ಅವಳ ಮೇಲೆ ಹಿರಿಯವಳಿಗೆ ಎಷ್ಟು ಅಕ್ಕರೆ! “ಪಾಪ, ಮನೇಲೇ ಇರ್ತಾಳೆ” ಎನ್ನುವಾಗ ಬಾಯೆಲ್ಲ ಸಿಹಿ. ಕನಿಕರ ಪಡಬೇಕಾದರೆ ಯಾರಾದರೂ ನಮಗಿಂತ ಕೆಳಗಿರಬೇಕಲ್ಲ! ಈಗ ನಾಲ್ಕು ತಿಂಗಳಿಂದ ಆ ಪಾಪದವಳು ದಿನಾ ಸಂಜೆ ಲ್ಯಾಪ್‌ಟಾಪ್ ಹಿಡಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಏನು ನಡೆಸಿದ್ದೀಯೇ ಎಂದು ಕೇಳಿದರೆ, “ಏನಿಲ್ಲ ಅಕ್ಕಾ, ಸುಮ್ನೆ” ಎಂದು ಒಂದು ನಗು. ಆ ನಗುವಿಗೇ ಹಿರಿಯವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಮುಂದಿನ ವಾರ ಕಂಪನಿಯಲ್ಲಿ ಆ ವರ್ಷದ ವಿಶೇಷ ಆಯ್ಕೆ ಬಂತು. ಸಂಸಾರಕ್ಕಾಗಿ ಕೆಲಸ ಬಿಟ್ಟ ಹೆಂಗಸರಿಗೆಂದೇ ಹತ್ತು ಸ್ಥಾನ. ಶಿಫಾರಸು ನುಸುಳದಿರಲೆಂದು ಅರ್ಜಿಗಳ ಮೇಲೆ ಹೆಸರು ಮುಚ್ಚಿ ಬರೀ ಸಂಖ್ಯೆ ಹಾಕಿರುತ್ತಾರೆ. ತೆಗೆದುಹಾಕಿದರೆ ‘ಕಾರಣ’ ಎಂಬ ಚೌಕದಲ್ಲಿ ಎರಡು ಮಾತು ಬರೆಯಲೇಬೇಕು. ಅದು ಅರ್ಜಿದಾರಳಿಗೂ ಹೋಗುತ್ತದೆ. ಮತ್ತೆ ಅರ್ಜಿ ಹಾಕಲು ವರ್ಷ ಕಾಯಬೇಕು.

ನಲವತ್ತೊಂದನೇ ಅರ್ಜಿ ತೆರೆದಾಗ ಅವಳ ಕೈ ನಿಂತಿತು. ಆರು ವರ್ಷದ ಬಿಡುವು. ತಾನೇ ಮಾಡಿದ ಕೆಲಸ: ಹಿರಿಯರಿಗೆ, ರೋಗಿಗಳಿಗೆ ಮಾತ್ರೆ ನೆನಪಿಸುವ ಆ್ಯಪ್, ನುಂಗಿದೆ ಎಂದು ಒತ್ತುವವರೆಗೂ ಕೂಗುತ್ತದೆ...

ಓಹೋ! ಬಾಗಿಲು ಹಾಕಿಕೊಂಡದ್ದು ಇದಕ್ಕಾ? ಅದೂ ನನ್ನ ಕಂಪನಿಗೇ! ನಾಳೆ ಆ ಮೊಳೆಯಲ್ಲಿ ಎರಡು ಕಾರ್ಡು ತೂಗಿದರೆ ಅತ್ತೆ ಯಾವುದನ್ನು ಸೆರಗಿನಿಂದ ಒರೆಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅರ್ಜಿ ಚೆನ್ನಾಗಿತ್ತು. ಕಂಪನಿ ಕಳಿಸಿದ್ದ ಪರೀಕ್ಷೆಯಲ್ಲೂ ಒಳ್ಳೆಯ ಅಂಕ. ಆದರೂ ಬೆರಳು ‘ಕಾರಣ’ದ ಚೌಕಕ್ಕೆ ಹೋಯಿತು: “ಆರು ವರ್ಷದ ಬಿಡುವು. ಕೈ ಪಳಗಿಲ್ಲ.”

ಅಂದು ಸಂಜೆ ಮನೆಗೆ ಬಂದವಳು ಓರಗಿತ್ತಿಯ ಪಾಲಿನ ಪಾತ್ರೆಯನ್ನೂ ತಾನೇ ತೊಳೆದಳು. ಹೊಟ್ಟೆ ಅಷ್ಟು ತಣ್ಣಗಾಗಿತ್ತು!

ಶನಿವಾರ ಬೆಳಗ್ಗೆ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ನಿಂತಿದ್ದವಳು ಅವಳ ಒಡಹುಟ್ಟಿದ ತಂಗಿ. ಗಂಡನ ಕಾಯಿಲೆಯ ಆರೈಕೆಗೆಂದು ಕೆಲಸ ಬಿಟ್ಟು ಅವಳಿಗೂ ಆರು ವರ್ಷವಾಗಿತ್ತು. ಹೋದ ವರ್ಷ ಅವನು ತೀರಿಕೊಂಡಿದ್ದ. ಕಣ್ಣು ಊದಿಸಿಕೊಂಡು ಬಂದವಳು ಅಕ್ಕನನ್ನು ದಾಟಿ ನೆಟ್ಟಗೆ ಓರಗಿತ್ತಿಯ ಹೆಗಲಿಗೆ ಬಿದ್ದಳು.

“ಆಗ್ಲಿಲ್ಲ ಟೀಚರೇ... ನಿಮ್ಮ ಶ್ರಮ ಎಲ್ಲಾ ನೀರಿಗೆ ಹೋಯ್ತು!”

“ಏನಾಗ್ಲಿಲ್ಲ? ಯಾವ ಟೀಚರ್?” ಅಕ್ಕ ಕೇಳಿದಳು.

“ನಾಲ್ಕು ತಿಂಗಳಿಂದ ದಿನಾ ಸಂಜೆ ವಿಡಿಯೋದಲ್ಲಿ ಕಲಿಸಿದ್ರಕ್ಕಾ ಇವರು. ನಿನ್ನ ಕಂಪನಿಗೇ ಅರ್ಜಿ ಹಾಕಿದ್ದೆ. ಮೊದಲೇ ಹೇಳಿದ್ರೆ ಅಕ್ಕನ ಶಿಫಾರಸು ಅಂತ ನಿನ್ನ ಮೇಲೆ ಮಾತು ಬರುತ್ತೆ, ಸಿಕ್ಕ ಮೇಲೇ ಹೇಳೋಣ ಅಂದ್ರು.”

“ಆ... ಆ ಮಾತ್ರೆ ಆ್ಯಪ್?”

“ನಾನೇ ಬರೆದಿದ್ದು. ಒಂದಿನ ನಮ್ಮವರ ಮಾತ್ರೆ ತಪ್ಪಿಸಿಬಿಟ್ಟಿದ್ದೆ ಅಕ್ಕಾ... ಆ ಕೊರಗು ಹೋಗ್ಲೇ ಇಲ್ಲ. ಇವರು ತಿದ್ದಿಕೊಟ್ಟು, ನಿಮ್ಮತ್ತೆ ಫೋನಿಗೆ ಹಾಕಿ ನೋಡಿದ್ರು.”

ಹಿರಿಯವಳು ಅತ್ತೆಯ ಮೊಬೈಲಿನ ಕಡೆ ನೋಡಿದಳು. “ನಲವತ್ತೊಂದು... ಅದನ್ನ ತೆಗೆದದ್ದು ನಾನೇ ಕಣೇ.”

ತಂಗಿ ಕಣ್ಣೊರೆಸಿಕೊಂಡು ಸುಮ್ಮನೆ ತಲೆಯಾಡಿಸಿದಳು. “ನೀನಾ? ಹೆಸರು ಕಾಣಲ್ವಲ್ಲ, ನಿಂಗೆ ಹೇಗೆ ಗೊತ್ತಾಗ್ಬೇಕು. ಬಿಡು ಅಕ್ಕಾ. ನೀನೇ ನೋಡಿ ಕೈ ಪಳಗಿಲ್ಲ ಅಂದಿದ್ದೀಯ ಅಂದ್ರೆ ನಿಜಾನೇ ಇರ್ಬೇಕು. ಇನ್ಮೇಲೆ ಆ ಆಸೆ ಬಿಡ್ತೀನಿ.”

ಹಿರಿಯವಳು ಅಲ್ಲಿಗೇ ಸುಮ್ಮನಿದ್ದರೆ ಸಾಕಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಓರಗಿತ್ತಿ ತಲೆಯೆತ್ತಿ ಅವಳನ್ನೇ ನೋಡಿದಳು.

“ಅಕ್ಕಾ, ಅದು ಯಾರ ಅರ್ಜಿ ಅಂದ್ಕೊಂಡ್ರಿ?”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು!

“ನಿಂದು...” ಹಿರಿಯವಳು ಅಂದಳು. “ನಿಂದು ಅಂದ್ಕೊಂಡೇ ತೆಗೆದೆ. ಹೊಟ್ಟೆಕಿಚ್ಚು ಕಣೇ, ಬರೀ ಹೊಟ್ಟೆಕಿಚ್ಚು! ತಂಗೀ, ನಿನ್ನ ಕೈ ಪಳಗಿದೆ... ನನ್ನ ಮನಸ್ಸೇ ಕೊಳೆತಿತ್ತು!”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ಲೇ!” ಅತ್ತೆ ಹಣೆ ಚಚ್ಚಿಕೊಂಡರು. “ಇಲ್ಲಿ ಎತ್ತಿಗೂ ಜ್ವರ ಇರ್ಲಿಲ್ಲ ಅತ್ತೆ,” ಎಂದು ಓರಗಿತ್ತಿ ಮೆಲ್ಲಗೆ ಹೇಳಿ, ತಂಗಿಯನ್ನು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮತ್ತೆ ಮುಚ್ಚಿತು.

ಸೋಮವಾರ ಹಿರಿಯವಳು ಆ ಅರ್ಜಿಯ ಚೌಕ ತೆರೆದು ಹೊಸ ಕಾರಣ ಬರೆದಳು: “ಅರ್ಜಿದಾರಳ ತಪ್ಪಿಲ್ಲ. ಇದು ನನ್ನ ಮನೆಯವಳದ್ದೆಂದು ತಿಳಿದು ಅಸೂಯೆಯಿಂದ ತೆಗೆದೆ.” ಬರೆದದ್ದನ್ನು ಮೇಲಧಿಕಾರಿಗೂ ಕಳಿಸಿದಳು. ಅರ್ಜಿಯನ್ನು ಬೇರೆಯವರು ನೋಡಿದರು, ತಂಗಿ ಆಯ್ಕೆಯಾದಳು. ಹಿರಿಯವಳನ್ನು ಆಯ್ಕೆಯ ಕೆಲಸದಿಂದ ತೆಗೆದು, ಹೊಸಬರಿಗೆ ಕಾರ್ಡು ಅಚ್ಚು ಹಾಕುವ ಮೂಲೆಗೆ ಕೂರಿಸಿದರು. ಹನ್ನೊಂದು ವರ್ಷದ ಹೆಸರು ಒಂದೇ ದಿನಕ್ಕೆ ಹೋಯಿತು. ತಂಗಿಯ ಕಾರ್ಡನ್ನು ಅಚ್ಚು ಹಾಕಿದವಳೂ ಅವಳೇ. ಯಂತ್ರದಿಂದ ಬಿಸಿಯಾಗಿ ಬಂದ ಆ ಮುಖವನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ತಂಗಿ ಕ್ಷಮಿಸಿದಳು, ಒಡಹುಟ್ಟಿದವಳಲ್ಲವೇ. ಓರಗಿತ್ತಿ ಮಾತ್ರ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ಭಾನುವಾರ ಹಿರಿಯವಳು ಸ್ಟೂಲು ಹತ್ತಿ, ಬಾಗಿಲ ಪಕ್ಕದ ಹಳೆ ಮೊಳೆಯ ಜೊತೆಗೆ ಇನ್ನೊಂದು ಮೊಳೆ ಹೊಡೆಯತೊಡಗಿದಳು. ಸದ್ದಿಗೆ ಓರಗಿತ್ತಿ ಬಂದು ನಿಂತಳು.

“ಯಾರಿಗೆ ಅದು?”

“ನಿನ್ನ ಕಾರ್ಡಿಗೆ. ಮುಂದಿನ ವರ್ಷ ನೀನೂ ಅರ್ಜಿ ಹಾಕು.”

ಓರಗಿತ್ತಿ ಆ ಹೊಸ ಮೊಳೆಯನ್ನೇ ನೋಡಿದಳು. “ಈಗ ಹೊಟ್ಟೆ ಉರಿಯಲ್ವಾ ಅಕ್ಕಾ?”

ಹಿರಿಯವಳು ಸುತ್ತಿಗೆ ಹಿಡಿದೇ ಯೋಚಿಸಿದಳು. ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ಉರಿಯುತ್ತೆ ಕಣೇ... ಆದ್ರೂ ಹೊಡೀತೀನಿ.”

ಸ್ಟೂಲು ಅಲುಗುತ್ತಿತ್ತು. ಓರಗಿತ್ತಿ ಬಗ್ಗಿ, ಅದರ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.